ಊರಿನ ನೀರಿನ ಪರೀಕ್ಷೆಗೆ, ಜಲಾನಯನ ಯೋಜನೆಗೆ ಸರ್ಕಾರದ ಹಣ ಪಡೆಯುವ ಬಗೆ: ಗ್ರಾಮ ಪಂಚಾಯಿತಿಗೊಂದು ಸಮಗ್ರ ಮಾರ್ಗದರ್ಶಿ

ಬಯಲುಸೀಮೆಯ ಯಾವ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿದರೂ ನೀರಿನ ವಿಷಯಕ್ಕೆ ಎರಡು ಬೇರೆ ಕಡತಗಳು ಸಿಗುತ್ತವೆ. ಒಂದರಲ್ಲಿ ಕೊಳವೆ ಬಾವಿ, ಪೈಪು, ಓವರ್‌ಹೆಡ್ ಟ್ಯಾಂಕು, ಶುದ್ಧ ಕುಡಿಯುವ ನೀರಿನ ಘಟಕ. ಇನ್ನೊಂದರಲ್ಲಿ ಬದು, ಚೆಕ್ ಡ್ಯಾಂ, ಕೃಷಿ ಹೊಂಡ, ಕೆರೆಯ ಹೂಳು. ಮೊದಲನೆಯದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಕೆಲಸ, ಎರಡನೆಯದು ಜಲಾನಯನ ಅಭಿವೃದ್ಧಿ ಇಲಾಖೆಯದು ಅಥವಾ ಉದ್ಯೋಗ ಖಾತರಿಯದು. ಮಳೆ ನೀರು ಹರಿದು ಒಂದೇ ಹಳ್ಳಕ್ಕೆ ಸೇರುವ ಪ್ರದೇಶವೇ ಜಲಾನಯನ. ಎರಡೂ ಕಡತಗಳನ್ನು ಒಂದೇ ಮೇಜಿನ ಮೇಲೆ ತೆರೆದಿಟ್ಟು ನೋಡುವವರು ಅಪರೂಪ. ನನ್ನ ದೃಷ್ಟಿಯಲ್ಲಿ ನಮ್ಮ ಹಳ್ಳಿಗಳ ನೀರಿನ ಕಷ್ಟದ ದೊಡ್ಡ ಪಾಲು ಇಲ್ಲೇ ಇದೆ.

ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ತಾಲ್ಲೂಕುಗಳ ಫ್ಲೋರೈಡ್ ಸಮಸ್ಯೆಯನ್ನೇ ತೆಗೆದುಕೊಳ್ಳಿ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ನೀರು ಎಷ್ಟು ಹೆಚ್ಚು ಕಾಲ ನಿಲ್ಲುತ್ತದೆಯೋ, ಕಲ್ಲಿನಲ್ಲಿರುವ ಫ್ಲೋರೈಡ್ ಅಷ್ಟು ಹೆಚ್ಚಾಗಿ ಅದರಲ್ಲಿ ಕರಗುತ್ತದೆ. ಮೇಲಿನ ಪದರದ ನೀರು ಬತ್ತಿದಂತೆ ಕೊಳವೆ ಬಾವಿ ಆಳಕ್ಕೆ ಇಳಿಯುತ್ತದೆ, ಹಳೆಯ ನೀರು ಮೇಲೆ ಬರುತ್ತದೆ, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಹಾಗಾಗಿ ಫ್ಲೋರೈಡ್ ಎಷ್ಟಿದೆ ಎಂಬ ಪ್ರಯೋಗಾಲಯದ ವರದಿಯೂ ಆ ಬಾವಿಯ ಮೇಲಿನ ಇಳಿಜಾರಿನಲ್ಲಿ ಮಳೆ ಇಂಗುತ್ತಿದೆಯೇ ಎಂಬ ಪ್ರಶ್ನೆಯೂ ಬೇರೆ ಬೇರೆಯಲ್ಲ. ಪರೀಕ್ಷೆಯ ಫಲಿತಾಂಶವನ್ನು ಸರ್ವೆ ನಂಬರಿಗೆ ಜೋಡಿಸಿ ತೋರಿಸಿದ ಪಂಚಾಯಿತಿಗೆ ಹಣ ಕೇಳಲು ಗಟ್ಟಿ ಆಧಾರ ಸಿಗುತ್ತದೆ. ಈ ಬರಹ ಅದನ್ನು ಮಾಡುವ ದಾರಿಯನ್ನು ಹೇಳುತ್ತದೆ. ಪಂಚಾಯಿತಿ ಸದಸ್ಯರು, ನೀರು ಸಮಿತಿಯಲ್ಲಿರುವ ಮಹಿಳೆಯರು, ಸ್ವಸಹಾಯ ಸಂಘದವರು, ಊರಿನ ಬಗ್ಗೆ ಕಾಳಜಿ ಇರುವ ಯುವಕ–ಯುವತಿಯರು, ಯಾರು ಬೇಕಾದರೂ ಇದನ್ನು ಶುರು ಮಾಡಬಹುದು.

ಹೆಜ್ಜೆ 1: ಸಮಿತಿ ಜೀವಂತವಾಗಿದೆಯೇ ನೋಡಿ

ಮನೆ ಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಜಲ ಜೀವನ್ ಮಿಷನ್ 2019ರ ಆಗಸ್ಟ್‌ನಲ್ಲಿ ಘೋಷಣೆಯಾಯಿತು. ಕರ್ನಾಟಕದಲ್ಲಿ ಅದು ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ನಡೆದಿದೆ. ಅದರ ಮಾರ್ಗಸೂಚಿಯ ಪ್ರಕಾರ ಹಳ್ಳಿಯ ಮಟ್ಟದಲ್ಲಿ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು. ಸಮಿತಿಯಲ್ಲಿ 10ರಿಂದ 15 ಜನ, ಅವರಲ್ಲಿ ಅರ್ಧದಷ್ಟು ಮಹಿಳೆಯರು, ಕಾಲು ಭಾಗದವರೆಗೆ ಚುನಾಯಿತ ಸದಸ್ಯರು, ಉಳಿದ ಕಾಲು ಭಾಗ ದುರ್ಬಲ ವರ್ಗದವರು. ಜೊತೆಗೆ ಪ್ರತಿ ಹಳ್ಳಿಯ ಐದು ಮಹಿಳೆಯರಿಗೆ ಫೀಲ್ಡ್ ಟೆಸ್ಟ್ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು ಎಂದೂ ಇದೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಭೇಟಿಯಾಗಿ ಮೂರು ವಿಷಯ ಕೇಳಿ: ಸಮಿತಿ ರಚನೆಯ ನಡಾವಳಿ, ಕೊನೆಯ ಸಭೆಯ ದಿನಾಂಕ, ತರಬೇತಿ ಪಡೆದ ಐವರ ಹೆಸರು. ಸಮಿತಿ ಕಾಗದದಲ್ಲಷ್ಟೇ ಇದ್ದರೆ ಹೊಸದಾಗಿ ಸಂಘ ಕಟ್ಟುವ ಶ್ರಮ ಬೇಡ, ಇರುವುದನ್ನೇ ಸಭೆ ಕರೆಸಿ. ಸರ್ಕಾರದ ಹಣ ಬರುವುದು ಕಾನೂನಿನ ಮಾನ್ಯತೆ ಇರುವ ಸಂಸ್ಥೆಗೆ. ಗ್ರಾಮ ಪಂಚಾಯಿತಿಗೆ ಆ ಮಾನ್ಯತೆ 1993ರ ಪಂಚಾಯತ್ ರಾಜ್ ಕಾಯ್ದೆಯಿಂದ ಇದೆ, ಈ ಸಮಿತಿ ಪಂಚಾಯಿತಿಯ ನೆರಳಲ್ಲಿ ನಿಲ್ಲುತ್ತದೆ. ನೀರುಗಂಟಿಯನ್ನು ಮೊದಲ ಸಭೆಗೇ ಕರೆಯಿರಿ. ಯಾವ ಗೇಟ್ ವಾಲ್ವ್ ಎಲ್ಲಿದೆ, ಯಾವ ಪೈಪು ಚರಂಡಿಯೊಳಗೆ ಹಾದು ಹೋಗಿದೆ, ಯಾವ ಬೋರ್‌ವೆಲ್ ಏಪ್ರಿಲ್‌ನಲ್ಲಿ ಕೆಸರು ಕಾರುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಊರಿನಲ್ಲಿ ಇನ್ನೊಬ್ಬರಿಲ್ಲ.

ಹೆಜ್ಜೆ 2: ಮೂಲಗಳ ಪಟ್ಟಿ ಮತ್ತು ನಮೂನೆ ತೆಗೆಯುವ ಕ್ರಮ

ಹಣ ಕೇಳುವುದಕ್ಕೂ ಮೊದಲು ನಿಮ್ಮ ಕೈಯಲ್ಲಿ ಒಂದು ಸುತ್ತಿನ ಪರೀಕ್ಷಾ ಫಲಿತಾಂಶ ಇರಬೇಕು. ಅದಕ್ಕೆ ಹೆಚ್ಚು ಖರ್ಚಾಗುವುದಿಲ್ಲ. ಪಂಚಾಯಿತಿಗೆ ಬಂದಿರುವ ಕಿಟ್ ಅಲ್ಮೆರಾದಲ್ಲಿ ಇದ್ದರೆ ಹೊರತೆಗೆಯಿರಿ, ರಾಸಾಯನಿಕಗಳ ಅವಧಿ ಮುಗಿದಿದೆಯೇ ಎಂದು ಬಾಟಲಿಗಳ ಮೇಲೆ ಓದಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೂ ತೆರೆಯಲಾಗಿದೆ. ಅಲ್ಪ ಶುಲ್ಕ ಕಟ್ಟಿ ಯಾರಾದರೂ ನಮೂನೆ ಕೊಡಬಹುದು.

ಪಟ್ಟಿಯಲ್ಲಿ ಸರಬರಾಜಿನ ಎಲ್ಲ ಕೊಳವೆ ಬಾವಿಗಳು, ಬಳಕೆಯಲ್ಲಿರುವ ತೆರೆದ ಬಾವಿಗಳು, ಕೈಪಂಪುಗಳು, ಶಾಲೆ ಮತ್ತು ಅಂಗನವಾಡಿಯ ನಲ್ಲಿಗಳು, ಪ್ರತಿ ಪೈಪ್‌ಲೈನಿನ ಕಟ್ಟಕಡೆಯ ಮನೆ ಸೇರಲಿ. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಸರ್ವೆ ನಂಬರು, ಗೊತ್ತಿದ್ದರೆ ಆಳ ಮತ್ತು ಕೊರೆದ ವರ್ಷ ಬರೆಯಿರಿ. ಸರ್ವೆ ನಂಬರು ತಿಳಿಯಲು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಸಾಕು. ನಿಂತ ಜಾಗದಲ್ಲಿ ಮೊಬೈಲ್ ತೆರೆದರೆ ತೋರಿಸುತ್ತದೆ.

ನಮೂನೆ ತೆಗೆಯುವ ಕೆಲಸವನ್ನು ಸಡಿಲವಾಗಿ ಮಾಡಿದರೆ ಮುಂದಿನ ಎಲ್ಲ ವಾದವೂ ಬಿದ್ದು ಹೋಗುತ್ತದೆ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೋರ್‌ವೆಲ್ ಆದರೆ ಮೋಟರ್ ಹಾಕಿ ಪೈಪಿನಲ್ಲಿ ನಿಂತ ನೀರು ಹೋಗುವಷ್ಟು ಹೊತ್ತು, ಕನಿಷ್ಠ ಐದು ನಿಮಿಷ ಹರಿಯಲು ಬಿಡಿ. ರಾಸಾಯನಿಕ ಪರೀಕ್ಷೆಗೆ ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಕುಲುಕಿ ಚೆಲ್ಲಿ, ಆಮೇಲೆ ತುಂಬಿ. ಸೂಕ್ಷ್ಮಾಣು ಪರೀಕ್ಷೆಗೆ ಇದಕ್ಕೆ ತದ್ವಿರುದ್ಧ: ಪ್ರಯೋಗಾಲಯದವರು ಕೊಟ್ಟ ಕ್ರಿಮಿರಹಿತ ಬಾಟಲಿಯನ್ನು ತೊಳೆಯಲೇಬಾರದು, ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಬಾರದು, ಮೇಲೆ ಸ್ವಲ್ಪ ಖಾಲಿ ಜಾಗ ಉಳಿಸಿ ಮುಚ್ಚಬೇಕು, ಐಸ್ ಇಟ್ಟ ಡಬ್ಬಿಯಲ್ಲಿ ಅದೇ ದಿನ ತಲುಪಿಸಬೇಕು. ಬಾಟಲಿಯ ಮೇಲೆ ಮೂಲದ ಸಂಖ್ಯೆ, ದಿನಾಂಕ, ಸಮಯ ಇರಲಿ.

ಕಿಟ್‌ನಲ್ಲಿ ಫ್ಲೋರೈಡ್ ನೋಡುವಾಗ ನೀರಿಗೆ ದ್ರಾವಣ ಹಾಕಿ, ಮೂಡಿದ ಬಣ್ಣವನ್ನು ಕಾರ್ಡಿನ ಬಣ್ಣಗಳೊಂದಿಗೆ ಹೋಲಿಸಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ ಕಿಟ್‌ಗಳಲ್ಲಿ ಫ್ಲೋರೈಡ್ ಹೆಚ್ಚಾದಂತೆ ಗುಲಾಬಿ ಬಣ್ಣ ಮಾಸಿ ಹಳದಿಯತ್ತ ತಿರುಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ, ಹಗಲ ಬೆಳಕಿನಲ್ಲಿ ನೆರಳಲ್ಲಿ ನಿಂತು ಇಬ್ಬರು ಬೇರೆ ಬೇರೆಯಾಗಿ ಓದಿ ಬರೆದುಕೊಳ್ಳಿ. ಸೂಕ್ಷ್ಮಾಣು ಪತ್ತೆಗೆ ಬಳಸುವ ಎಚ್2ಎಸ್ ಸೀಸೆಯಲ್ಲಿ ನೀರು ತುಂಬಿಟ್ಟು 24ರಿಂದ 48 ಗಂಟೆಯೊಳಗೆ ಕಪ್ಪಾದರೆ ಮಲದ ಮೂಲಕ ನೀರು ಕೆಟ್ಟಿರುವ ಸಾಧ್ಯತೆ ಹೆಚ್ಚು. ಕಿಟ್ ಕೊಡುವುದು ಸುಳಿವು. ಮಿತಿ ಮೀರಿದ ಅಥವಾ ಅನುಮಾನ ಬಂದ ಪ್ರತಿ ಮೂಲವನ್ನೂ ಪ್ರಯೋಗಾಲಯಕ್ಕೆ ಕಳುಹಿಸಿ, ಮೊಹರು ಬಿದ್ದ ವರದಿ ಪಡೆಯಿರಿ. ಹಣ ಮಂಜೂರು ಮಾಡುವವರು ನೋಡುವುದು ಆ ಮೊಹರನ್ನು.

ಭಾರತೀಯ ಮಾನಕ ಐಎಸ್ 10500:2012ರ ಕೆಲವು ಅಂಕಿಗಳನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿಬಿಡುವುದು ಒಳ್ಳೆಯದು. ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ 45 ದಾಟಬಾರದು. ಕರಗಿದ ಒಟ್ಟು ಲವಣ 500, ಅನಿವಾರ್ಯವಾದರೆ 2,000. ಗಡಸುತನ 200, ಅನಿವಾರ್ಯವಾದರೆ 600. ಮಲದಿಂದ ಬರುವ ಇ–ಕೊಲೈ ಸೂಕ್ಷ್ಮಾಣು 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು. ಕ್ಲೋರಿನ್ ಹಾಕಿದ ನೀರಿನಲ್ಲಿ ಕಡೆಯ ನಲ್ಲಿಯಲ್ಲೂ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇನ್ನೊಂದು ಮಾತು: ಕಾಯಿಸಿದರೆ ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅವು ಇನ್ನೂ ದಟ್ಟವಾಗುತ್ತವೆ. ಈ ವಿಷಯ ಗೊತ್ತಿಲ್ಲದ ಮನೆಗಳು ಇನ್ನೂ ಬಹಳ ಇವೆ.

ರಾಸಾಯನಿಕ ಪರೀಕ್ಷೆ ವರ್ಷಕ್ಕೆ ಒಮ್ಮೆ, ಸೂಕ್ಷ್ಮಾಣು ಪರೀಕ್ಷೆ ಮಳೆಗಾಲದ ಮೊದಲು ಮತ್ತು ನಂತರ ಹೀಗೆ ಎರಡು ಸಲ ಆಗಬೇಕು ಎಂಬುದು ಕನಿಷ್ಠ ನಿಯಮ. ಕಲುಷಿತ ಮೂಲಗಳಿಗೆ ರಾಸಾಯನಿಕ ಪರೀಕ್ಷೆಯನ್ನೂ ಎರಡು ಸಲ ಮಾಡಿಸಿ ಎಂಬುದು ನನ್ನ ಒತ್ತಾಯ. ಮೇ ತಿಂಗಳ ಅಂಕಿಯೂ ನವೆಂಬರ್ ಅಂಕಿಯೂ ಪಕ್ಕಪಕ್ಕ ಇದ್ದರೆ ಮಳೆ ಇಂಗುವುದಕ್ಕೂ ನೀರಿನ ಗುಣಕ್ಕೂ ಇರುವ ನಂಟು ನಿಮ್ಮ ಊರಿನ ಲೆಕ್ಕದಲ್ಲೇ ಕಾಣತೊಡಗುತ್ತದೆ.

ಹೆಜ್ಜೆ 3: ಫಲಿತಾಂಶ ಓದಿ, ಕಾರಣ ಹುಡುಕಿ

ಈ ಮಾರ್ಗದರ್ಶಿಯಲ್ಲಿ ಅತಿ ಮುಖ್ಯವಾದ ಭಾಗ ಇದು. ಯಾವ ಯೋಜನೆಯ ಹಣ ಕೇಳಬೇಕು ಎಂಬುದು ಕಾರಣದ ಮೇಲೆ ನಿಂತಿದೆ. ಕಾರಣ ಹುಡುಕದೆ ‘ನೀರು ಕೆಟ್ಟಿದೆ, ಘಟಕ ಕೊಡಿ’ ಎಂದು ಬರೆದ ಅರ್ಜಿಗೆ ಬರುವುದು ನೀರು ಸೋಸುವ ಇನ್ನೊಂದು ಆರ್‌ಒ ಘಟಕ. ಅದು ಫ್ಲೋರೈಡ್ ತುಂಬಿದ ತ್ಯಾಜ್ಯ ನೀರನ್ನು ಪಕ್ಕದ ಚರಂಡಿಗೆ ಬಿಡುತ್ತದೆ, ಅದೇ ನೀರು ಅದೇ ನೆಲಕ್ಕೆ ಇಂಗುತ್ತದೆ.

ಟ್ಯಾಂಕಿನ ಬಳಿ ಚೆನ್ನಾಗಿದ್ದು ಕಡೆಯ ನಲ್ಲಿಯಲ್ಲಿ ಮಾತ್ರ ಸೂಕ್ಷ್ಮಾಣು ಕಂಡರೆ ತಪ್ಪು ಪೈಪಿನಲ್ಲಿದೆ. ಎರಡು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಖಾಲಿ ಪೈಪು ಚರಂಡಿಯ ನೀರನ್ನು ಒಡಕಿನ ಮೂಲಕ ಒಳಗೆಳೆದುಕೊಳ್ಳುತ್ತದೆ. ಇದಕ್ಕೆ ಬೇಕಿರುವುದು ಪೈಪಿನ ದುರಸ್ತಿ ಮತ್ತು ಕ್ಲೋರಿನ್. ಕೇಂದ್ರ ಹಣಕಾಸು ಆಯೋಗದ ಶಿಫಾರಸಿನಂತೆ ಪಂಚಾಯಿತಿಗೆ ಬರುವ ಅನುದಾನದ ಕುಡಿಯುವ ನೀರಿನ ಭಾಗದಿಂದ ಇದು ಆಗುತ್ತದೆ.

ಊರೊಳಗಿನ ಬಾವಿಗಳಲ್ಲಿ ನೈಟ್ರೇಟ್ ಹೆಚ್ಚು, ಜೊತೆಗೆ ಕ್ಲೋರೈಡ್ ಕೂಡ ಹೆಚ್ಚು ಎಂದಾದರೆ ತಿಪ್ಪೆ, ಶೌಚದ ಗುಂಡಿ, ನಿಂತ ಬಚ್ಚಲ ನೀರನ್ನು ಮೊದಲು ಅನುಮಾನಿಸಿ. ಇದು ನೈರ್ಮಲ್ಯದ ಲೆಕ್ಕಕ್ಕೆ ಬರುತ್ತದೆ. ಸ್ವಚ್ಛ ಭಾರತ್ ಮಿಷನ್ ಗ್ರಾಮೀಣ ಎರಡನೇ ಹಂತದ ಮಾರ್ಗಸೂಚಿಯಲ್ಲಿ 5,000 ಜನಸಂಖ್ಯೆಯವರೆಗಿನ ಹಳ್ಳಿಗೆ ಬೂದು ನೀರಿನ (ಬಚ್ಚಲು, ಅಡುಗೆಮನೆಯ ಬಳಸಿದ ನೀರಿನ) ನಿರ್ವಹಣೆಗೆ ತಲಾ 280 ರೂಪಾಯಿವರೆಗೆ ಅವಕಾಶವಿದ್ದು, ಅದರಲ್ಲಿ ನೂರಕ್ಕೆ 30 ಭಾಗವನ್ನು ಪಂಚಾಯಿತಿಯು ಹಣಕಾಸು ಆಯೋಗದ ಅನುದಾನದಿಂದ ಭರಿಸಬೇಕು. ಹೊಲದ ಬಾವಿಗಳಲ್ಲಿ ಮಾತ್ರ ನೈಟ್ರೇಟ್ ಇದ್ದರೆ ಯೂರಿಯಾದ ಕಡೆ ನೋಡಿ. ಅಲ್ಲಿ ಕೆಲಸ ರೈತ ಸಂಪರ್ಕ ಕೇಂದ್ರದ್ದು.

ಫ್ಲೋರೈಡ್ ಆಳದ ಬೋರ್‌ವೆಲ್‌ಗಳಲ್ಲಿ ಹೆಚ್ಚು, ತೆರೆದ ಬಾವಿಗಳಲ್ಲಿ ಕಡಿಮೆ ಎಂದು ತೋರಿದರೆ ಎರಡು ಕೆಲಸ ಏಕಕಾಲಕ್ಕೆ ಆಗಬೇಕು. ತಕ್ಷಣಕ್ಕೆ ಸುರಕ್ಷಿತ ಮೂಲದ ನೀರು, ದೀರ್ಘಕಾಲಕ್ಕೆ ಆ ಬಾವಿಗಳ ಜಲಾನಯನದಲ್ಲಿ ಮರುಪೂರಣ, ಅಂದರೆ ಮಳೆ ನೀರನ್ನು ನೆಲಕ್ಕೆ ಇಂಗಿಸುವುದು. ಎರಡು ಚೆಕ್ ಡ್ಯಾಂ ಕಟ್ಟಿದರೆ ಮುಂದಿನ ವರ್ಷ ಫ್ಲೋರೈಡ್ ಇಳಿಯುತ್ತದೆ ಎಂದು ಯಾರಿಗೂ ಭರವಸೆ ಕೊಡಬೇಡಿ. ಗಟ್ಟಿ ಶಿಲೆಯಲ್ಲಿ ಇಂಗಿದ ನೀರು ಯಾವ ಬಿರುಕಿನಲ್ಲಿ ಹೋಗುತ್ತದೆ ಎಂಬುದು ಜಾಗದಿಂದ ಜಾಗಕ್ಕೆ ಬೇರೆ. ಅದಕ್ಕಾಗಿಯೇ ಕಾಮಗಾರಿಯ ಕೆಳಗಿನ ಬಾವಿಗಳನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಾ ಹೋಗಬೇಕು, ಅದಕ್ಕೂ ಹಣ ಯೋಜನೆಯಲ್ಲೇ ಇರಬೇಕು.

ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿ ಹಟ್ಟಿ ಚಿನ್ನದ ಗಣಿ ಪ್ರದೇಶದ ಸುತ್ತಲಿನ ಕೆಲವು ಹಳ್ಳಿಗಳಂತೆ ನಿಮ್ಮಲ್ಲಿ ಆರ್ಸೆನಿಕ್ ಅನುಮಾನವಿದ್ದರೆ ಕಿಟ್ ನಂಬಿ ಕೂರಬೇಡಿ, ನೇರವಾಗಿ ಪ್ರಯೋಗಾಲಯಕ್ಕೆ ಹೋಗಿ.

ಹೆಜ್ಜೆ 4: ಜಲಾನಯನದ ನಕ್ಷೆ ಮತ್ತು ನೀರಿನ ಲೆಕ್ಕ

ಕರ್ನಾಟಕದಲ್ಲಿ ಈ ಕೆಲಸವನ್ನು ಸೊನ್ನೆಯಿಂದ ಶುರು ಮಾಡಬೇಕಿಲ್ಲ. ರಾಜ್ಯವನ್ನು ಸುಮಾರು 500 ಹೆಕ್ಟೇರ್‌ನ ಕಿರು ಜಲಾನಯನಗಳಾಗಿ ವಿಂಗಡಿಸಲಾಗಿದೆ, ಪ್ರತಿಯೊಂದಕ್ಕೂ ಅಂಕಿ–ಅಕ್ಷರ ಬೆರೆತ ಸಂಕೇತವಿದೆ. 2001ರಿಂದ ನಡೆದ ಸುಜಲ ಯೋಜನೆ, ಮುಂದೆ ಸುಜಲ–3, ಆಮೇಲೆ ವಿಶ್ವ ಬ್ಯಾಂಕ್ ನೆರವಿನ ರಿವಾರ್ಡ್ ಯೋಜನೆ, ಇವುಗಳಲ್ಲಿ ಅನೇಕ ಕಿರು ಜಲಾನಯನಗಳಿಗೆ ಭೂಸಂಪನ್ಮೂಲ ಸಮೀಕ್ಷೆ ಆಗಿದೆ. ಸರ್ವೆ ನಂಬರಿನ ಮಟ್ಟದಲ್ಲಿ ಮಣ್ಣಿನ ಆಳ, ಇಳಿಜಾರು, ಸವಕಳಿ, ಯಾವ ಕಾಮಗಾರಿ ಸೂಕ್ತ ಎಂಬುದೆಲ್ಲ ಅದರಲ್ಲಿದೆ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯಲ್ಲಿ ನಿಮ್ಮ ಜಲಾನಯನದ ಸಂಕೇತ ಕೇಳಿ, ಸಮೀಕ್ಷಾ ವರದಿ ಇದ್ದರೆ ಪ್ರತಿ ಪಡೆಯಿರಿ. ಇಷ್ಟು ಒಳ್ಳೆಯ ಮಾಹಿತಿ ಕಪಾಟಿನಲ್ಲಿ ಉಳಿಯುವುದು ನೋವಿನ ಸಂಗತಿ.

ಅಟಲ್ ಭೂಜಲ ಯೋಜನೆ ನಡೆದ 14 ಜಿಲ್ಲೆಗಳ 41 ತಾಲ್ಲೂಕುಗಳಲ್ಲಿ 1,199 ಗ್ರಾಮ ಪಂಚಾಯಿತಿಗಳಿವೆ. ನಿಮ್ಮದು ಅದರಲ್ಲಿ ಒಂದಾದರೆ ಜಲಭದ್ರತಾ ಯೋಜನೆಯ ಪುಸ್ತಕ ಈಗಾಗಲೇ ಪಂಚಾಯಿತಿಯಲ್ಲಿ ಇರಬೇಕು. ಅದನ್ನೇ ಅಡಿಪಾಯ ಮಾಡಿಕೊಳ್ಳಿ.

ಆಮೇಲೆ ಲೆಕ್ಕ. ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ 10,000 ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗುವ ಕಡೆ 500 ಹೆಕ್ಟೇರ್‌ನ ಒಂದು ಕಿರು ಜಲಾನಯನದ ಮೇಲೆ ಬೀಳುವುದು 300 ಕೋಟಿ ಲೀಟರ್. ಅಲ್ಲಿ 3,000 ಜನ ಇದ್ದಾರೆ ಎಂದುಕೊಳ್ಳಿ. ಜಲ ಜೀವನ್ ಮಿಷನ್‌ನ ಗುರಿಯಂತೆ ತಲಾ ದಿನಕ್ಕೆ 55 ಲೀಟರ್ ಕೊಟ್ಟರೆ ವರ್ಷಕ್ಕೆ ಬೇಕಾಗುವುದು ಸುಮಾರು 6 ಕೋಟಿ ಲೀಟರ್, ಅಂದರೆ ಬಿದ್ದ ಮಳೆಯ ನೂರರಲ್ಲಿ ಎರಡು ಪಾಲು. ಉಳಿದುದರಲ್ಲಿ ಬಹುಪಾಲು ಆವಿಯಾಗುತ್ತದೆ, ಬೆಳೆ ಕುಡಿಯುತ್ತದೆ, ಹಳ್ಳದಲ್ಲಿ ಹರಿದು ಹೋಗುತ್ತದೆ, ಪಂಪ್‌ಸೆಟ್‌ಗಳ ಮೂಲಕ ಹೊಲ ಸೇರುತ್ತದೆ. ಕುಡಿಯುವ ನೀರಿಗೆ ಮೊದಲ ಹಕ್ಕು ಎಂಬ ಮಾತನ್ನು ಸಭೆಯಲ್ಲಿ ಹೇಳುವಾಗ ಈ ಎರಡು ಪಾಲಿನ ಲೆಕ್ಕವನ್ನು ಮುಂದಿಡಿ. ಜಗಳಕ್ಕೆ ಅವಕಾಶ ಕಡಿಮೆಯಾಗುತ್ತದೆ, ಏಕೆಂದರೆ ಯಾರ ಬೆಳೆಯನ್ನೂ ಕಸಿಯದೆ ಅಷ್ಟನ್ನು ಕಾಪಾಡಬಹುದು ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ.

ಹಿರಿಯ ರೈತರೊಂದಿಗೆ ಮೇಲಿನ ದಿಣ್ಣೆಯಿಂದ ಹಳ್ಳದವರೆಗೆ ನಡೆದು ನೋಡಿ. ಗೋಕಟ್ಟೆ ಎಲ್ಲಿ ಒಡೆದಿದೆ, ಕೆರೆಗೆ ನೀರು ತರುವ ಕಾಲುವೆ ಎಲ್ಲಿ ಒತ್ತುವರಿಯಾಗಿದೆ, ಗೋಮಾಳದಲ್ಲಿ ಮಣ್ಣು ಎಲ್ಲಿ ಕೊಚ್ಚಿ ಹೋಗುತ್ತಿದೆ ಎಂದು ಗುರುತಿಸಿ, ಪರೀಕ್ಷೆಯಲ್ಲಿ ಕೆಟ್ಟದ್ದೆಂದು ಬಂದ ಬಾವಿಗಳನ್ನು ಅದೇ ನಕ್ಷೆಯಲ್ಲಿ ಕೆಂಪು ಚುಕ್ಕೆಯಿಂದ ತೋರಿಸಿ. ಒಂದೇ ಹಾಳೆಯಲ್ಲಿ ಎರಡೂ ಬಂದ ಈ ನಕ್ಷೆಯೇ ನಿಮ್ಮ ಪ್ರಸ್ತಾವನೆಯ ಮೊದಲ ಪುಟ.

ಹೆಜ್ಜೆ 5: ಹಣದ ಬಾಗಿಲುಗಳು

ಹಣಕಾಸು ಆಯೋಗದ ಅನುದಾನ ಪಂಚಾಯಿತಿಯ ಖಾತೆಗೇ ಬರುವುದರಿಂದ ಮೊದಲು ಅದನ್ನೇ ನೋಡಿ. 2021–26ರ ಅವಧಿಗೆ 15ನೇ ಆಯೋಗ ಇದರಲ್ಲಿ ನೂರಕ್ಕೆ 60 ಭಾಗವನ್ನು ನಿರ್ಬಂಧಿತವಾಗಿ ಇಟ್ಟಿತ್ತು: ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆ ನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. ಉಳಿದ 40 ಭಾಗ ಸ್ಥಳೀಯ ಅಗತ್ಯಗಳಿಗೆ. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ, ಆದ್ದರಿಂದ ಆ ವರ್ಷದ ಬಿಡುಗಡೆ ಆದೇಶದ ಪ್ರತಿ ಪಡೆದು ಹಂಚಿಕೆ ಹೇಗಿದೆ ಎಂದು ಓದಿಯೇ ಮುಂದುವರಿಯಿರಿ. ನೀರಿನ ಪರೀಕ್ಷೆಗೆ ಬೇಕಾಗುವ ಹಣ ಚಿಕ್ಕದು, ಆದರೆ ಪ್ರತಿ ವರ್ಷ ಬೇಕು. ಅದನ್ನು ಒಂದು ಸಲದ ಯೋಜನೆಯಾಗಿ ಕೇಳದೆ, ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಖಾಯಂ ಸಾಲಾಗಿ ಬರೆಸಿ.

ಜಲ ಜೀವನ್ ಮಿಷನ್‌ನಲ್ಲಿ ಹಂಚಿಕೆಯ ನೂರಕ್ಕೆ 2 ಭಾಗವನ್ನು ನೀರಿನ ಗುಣಮಟ್ಟದ ನಿಗಾ ಕೆಲಸಕ್ಕೆ ಇಡಲಾಗಿದೆ. ಇದು ಪಂಚಾಯಿತಿಗೆ ನಗದಾಗಿ ಬರುವುದಿಲ್ಲ, ಇಲಾಖೆಯ ಪ್ರಯೋಗಾಲಯ, ಕಿಟ್, ತರಬೇತಿಯ ರೂಪದಲ್ಲಿ ಬರುತ್ತದೆ. ಆದ್ದರಿಂದ ಕೇಳುವಾಗಲೂ ಅದೇ ರೂಪದಲ್ಲಿ ಕೇಳಿ: ಇಷ್ಟು ಕಿಟ್, ಇಷ್ಟು ಎಚ್2ಎಸ್ ಸೀಸೆ, ಈ ಐವರಿಗೆ ಮರುತರಬೇತಿ, ಇಷ್ಟು ನಮೂನೆಗಳ ಪ್ರಯೋಗಾಲಯ ಪರೀಕ್ಷೆ. ಪತ್ರ ಜಿಲ್ಲಾ ಪಂಚಾಯಿತಿಯಲ್ಲಿರುವ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್ ಅವರಿಗೆ ಹೋಗಲಿ. ಮಿಷನ್ ಅನ್ನು 2028ರವರೆಗೆ ಮುಂದುವರಿಸುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಲಾಗಿದೆ.

ಮಣ್ಣು–ನೀರಿನ ಕೆಲಸದ ಕೂಲಿಗೆ ಇಷ್ಟು ವರ್ಷ ಉದ್ಯೋಗ ಖಾತರಿ ಯೋಜನೆ (ನರೇಗಾ) ದೊಡ್ಡ ಆಸರೆಯಾಗಿತ್ತು. ಅದರ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ವಿಬಿ–ಜಿ ರಾಮ್ ಜಿ ಕಾಯ್ದೆಯನ್ನು ಅಂಗೀಕರಿಸಿತು: ವರ್ಷಕ್ಕೆ 100ರ ಬದಲು 125 ದಿನದ ಕೆಲಸ, ವೆಚ್ಚದಲ್ಲಿ ಕೇಂದ್ರ–ರಾಜ್ಯಗಳ ಪಾಲು 60:40, ಕಾಮಗಾರಿಗಳ ನಾಲ್ಕು ಗುಂಪುಗಳಲ್ಲಿ ಜಲಭದ್ರತೆ ಒಂದು. ನಿಮ್ಮ ಪಂಚಾಯಿತಿಯಲ್ಲಿ ಆ ವರ್ಷ ಯಾವ ನಿಯಮ ಜಾರಿಯಲ್ಲಿದೆಯೋ ಅದರ ಪ್ರಕಾರ ಬದು, ಕಂದಕ, ಇಂಗುಗುಂಡಿ, ಗೋಕಟ್ಟೆ, ಕೆರೆ ಹೂಳಿನ ಕಾಮಗಾರಿಗಳನ್ನು ಪಟ್ಟಿಗೆ ಸೇರಿಸಿ. ಕಾಮಗಾರಿ ಆಯ್ಕೆ ದಿಣ್ಣೆಯಿಂದ ಕೆಳಕ್ಕೆ ಬರಲಿ. ಮೇಲಿನ ಇಳಿಜಾರು ಹಾಗೆಯೇ ಬಿಟ್ಟು ಕೆಳಗೆ ಚೆಕ್ ಡ್ಯಾಂ ಕಟ್ಟಿದರೆ ಕೆಲವೇ ಮಳೆಗಳಲ್ಲಿ ಅದು ಹೂಳಿನಿಂದ ತುಂಬುತ್ತದೆ.

ಪ್ರಧಾನ ಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ ಘಟಕದ ಎರಡನೇ ಆವೃತ್ತಿ 2021–26ಕ್ಕೆ ಮಂಜೂರಾಗಿತ್ತು. ಅದರ ವೆಚ್ಚ ಮಿತಿ ಬಯಲಿನಲ್ಲಿ ಹೆಕ್ಟೇರಿಗೆ 22,000 ರೂಪಾಯಿ, ಗುಡ್ಡಗಾಡು ಮತ್ತು ಕಠಿಣ ಪ್ರದೇಶದಲ್ಲಿ 28,000. ಈ ದರದಲ್ಲಿ 500 ಹೆಕ್ಟೇರ್‌ನ ಬಯಲು ಜಲಾನಯನಕ್ಕೆ 1 ಕೋಟಿ 10 ಲಕ್ಷ. ಒಂದೊಂದು ಪಂಚಾಯಿತಿ ನೇರವಾಗಿ ಅರ್ಜಿ ಹಾಕಿ ಪಡೆಯುವ ಹಣ ಇದಲ್ಲ. ಹಲವು ಕಿರು ಜಲಾನಯನಗಳ ಗುಚ್ಛವನ್ನು ರಾಜ್ಯ ಮಟ್ಟದಲ್ಲಿ ಆರಿಸುತ್ತಾರೆ. ಆದರೆ ಆಯ್ಕೆಯಲ್ಲಿ ಕುಡಿಯುವ ನೀರಿನ ಕೊರತೆ, ಅಂತರ್ಜಲದ ಸ್ಥಿತಿ ಲೆಕ್ಕಕ್ಕೆ ಬರುತ್ತವೆ. ಒಂದೇ ಹಳ್ಳದ ದಾರಿಯ ಎರಡು ಮೂರು ಪಂಚಾಯಿತಿಗಳು ಸೇರಿ, ಪರೀಕ್ಷಾ ವರದಿ ಮತ್ತು ನಕ್ಷೆಯೊಂದಿಗೆ ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರಿಗೆ ಜಂಟಿ ಮನವಿ ಕೊಡಿ. ಮುಂದಿನ ಹಂತದ ಆಯ್ಕೆ ನಡೆಯುವಾಗ ನಿಮ್ಮ ಕಾಗದ ಅಲ್ಲಿ ಸಿದ್ಧವಾಗಿರಬೇಕು.

ಗಣಿ ಇರುವ ಬಳ್ಳಾರಿ, ವಿಜಯನಗರ, ಚಿತ್ರದುರ್ಗದಂಥ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಗಣಿಬಾಧಿತ ಹಳ್ಳಿಗಳ ಕುಡಿಯುವ ನೀರು, ಮಾಲಿನ್ಯ ತಡೆ ಎರಡೂ ಅದರ ಆದ್ಯತಾ ವಲಯದಲ್ಲಿವೆ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಪ್ರದೇಶಾಭಿವೃದ್ಧಿ ಮಂಡಳಿಯ ದಾರಿಯೂ ಇದೆ. ನಬಾರ್ಡ್‌ನ ಜಲಾನಯನ ಅಭಿವೃದ್ಧಿ ನಿಧಿ ಊರವರ ಶ್ರಮದಾನವನ್ನು ಬಯಸುತ್ತದೆ. ಒಗ್ಗಟ್ಟಿರುವ ಊರಿಗೆ ಅದು ಚೆನ್ನಾಗಿ ಹೊಂದುತ್ತದೆ, ಜಿಲ್ಲೆಯ ನಬಾರ್ಡ್ ಅಧಿಕಾರಿಯನ್ನು ವಿಚಾರಿಸಿ. ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿಯನ್ನು ಕಟ್ಟಡ–ಯಂತ್ರಕ್ಕೆ ಮಾತ್ರ ನಂಬಿ, ವರ್ಷ ವರ್ಷದ ಪರೀಕ್ಷೆಗೆ ಅಲ್ಲ.

ಹೆಜ್ಜೆ 6: ಪ್ರಸ್ತಾವನೆ ಬರೆಯುವುದು

ನಾಲ್ಕು ಪುಟ ಸಾಕು. ಮೊದಲ ಪುಟ ನಕ್ಷೆ. ಎರಡನೆಯದರಲ್ಲಿ ಮೂಲವಾರು ಫಲಿತಾಂಶ: ಮೂಲದ ಸಂಖ್ಯೆ, ಸರ್ವೆ ನಂಬರು, ಪರೀಕ್ಷೆಯ ದಿನಾಂಕ, ಅಂಕಿ, ಮಾನಕದ ಮಿತಿ, ಕಾರಣ. ಮೂರನೆಯದರಲ್ಲಿ ಕಾಮಗಾರಿ: ಎಲ್ಲಿ, ಏನು, ಅಂದಾಜು ಮೊತ್ತ, ಯಾವ ಲೆಕ್ಕ ಶೀರ್ಷಿಕೆ. ನಾಲ್ಕನೆಯದರಲ್ಲಿ ಮೂರು ವರ್ಷದ ಪರೀಕ್ಷಾ ವೇಳಾಪಟ್ಟಿ ಮತ್ತು ಹೊಣೆ ಹೊತ್ತವರ ಹುದ್ದೆ.

ಮೊತ್ತ ಬರೆಯುವಾಗ ಸುತ್ತು ಅಂಕಿ ಹಾಕಬೇಡಿ. 20 ಮೂಲ, 10 ಕಡೆಯ ನಲ್ಲಿ ಇರುವ ಪಂಚಾಯಿತಿಯಾದರೆ ಸೂಕ್ಷ್ಮಾಣು ಪರೀಕ್ಷೆ ವರ್ಷಕ್ಕೆ 60, ರಾಸಾಯನಿಕ ಪರೀಕ್ಷೆ ಕನಿಷ್ಠ 20, ಅದರಲ್ಲಿ 6 ಮೂಲ ಕೆಟ್ಟಿದ್ದರೆ ಇನ್ನೂ 6. ಇದನ್ನು ಪ್ರಯೋಗಾಲಯದ ಶುಲ್ಕಪಟ್ಟಿಯಿಂದ ಗುಣಿಸಿ, ಸಾಗಣೆ, ಐಸ್ ಡಬ್ಬಿ, ಪರೀಕ್ಷಿಸುವ ಮಹಿಳೆಯರ ಗೌರವಧನ ಸೇರಿಸಿ. ಗೌರವಧನವನ್ನು ದಯವಿಟ್ಟು ಬಿಡಬೇಡಿ. ಸೇವೆ ಎಂಬ ಹೆಸರಿನಲ್ಲಿ ಬಡ ಹೆಣ್ಣುಮಕ್ಕಳಿಂದ ಪುಕ್ಕಟೆ ಕೆಲಸ ಮಾಡಿಸುವ ಯೋಜನೆಗಳು ಎರಡನೇ ವರ್ಷಕ್ಕೆ ನಿಲ್ಲುತ್ತವೆ, ನಿಲ್ಲುವುದೂ ನ್ಯಾಯವೇ. ಯಾವ ಶೀರ್ಷಿಕೆಯಡಿ ಎಷ್ಟು ಕೊಡಬಹುದು ಎಂದು ಪಿಡಿಒ ಅವರೊಂದಿಗೆ ಮೊದಲೇ ಮಾತಾಡಿ ನಡಾವಳಿಯಲ್ಲಿ ದಾಖಲಿಸಿ.

ಒಂದೇ ಕಾಮಗಾರಿಗೆ ಎರಡು ಯೋಜನೆಗಳಿಂದ ಹಣ ಕೇಳಿದಂತೆ ಕಾಣಬಾರದು. ಒಗ್ಗೂಡಿಸುವಿಕೆ ಎಂದರೆ ಚೆಕ್ ಡ್ಯಾಮಿನ ಕೂಲಿ ಒಂದರಿಂದ, ಸಾಮಗ್ರಿ ಇನ್ನೊಂದರಿಂದ ಎಂದು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸುವುದು. ಇಲ್ಲಿ ಗೊಂದಲವಾದರೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಖಚಿತ.

ಹೆಜ್ಜೆ 7: ಗ್ರಾಮ ಸಭೆ ಮತ್ತು ಠರಾವು

ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಿಸುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಂದು ಶುರುವಾಗುತ್ತದೆ. ಅಷ್ಟರೊಳಗೆ ಬೇಸಿಗೆಯ ಪರೀಕ್ಷಾ ವರದಿ ಕೈಯಲ್ಲಿರಬೇಕು. ಅಂದರೆ ನಮೂನೆ ಏಪ್ರಿಲ್–ಮೇನಲ್ಲಿ, ನಡೆದು ನೋಡುವ ಕೆಲಸ ಮೊದಲ ಮಳೆಯ ಹೊತ್ತಿಗೆ, ನಕ್ಷೆ ಮತ್ತು ಅಂದಾಜು ಆಗಸ್ಟ್–ಸೆಪ್ಟೆಂಬರ್‌ನಲ್ಲಿ. ಮಾರ್ಚ್‌ನಲ್ಲಿ ಅರ್ಜಿ ಹಿಡಿದು ಹೋದರೆ ಆ ವರ್ಷದ ಹಣ ಆಗಲೇ ಹಂಚಿ ಹೋಗಿರುತ್ತದೆ.

ಮೊದಲು ವಾರ್ಡ್ ಸಭೆಗಳಲ್ಲಿ ಆಯಾ ವಾರ್ಡಿನ ನೀರಿನ ಅಂಕಿಯನ್ನು ಓದಿ ಹೇಳಿ. ತಮ್ಮ ಮನೆಯ ನಲ್ಲಿಯ ಫಲಿತಾಂಶ ಕೇಳಿದವರು ಗ್ರಾಮ ಸಭೆಗೆ ತಾವಾಗಿಯೇ ಬರುತ್ತಾರೆ. ಪಂಚಾಯಿತಿ ಯೋಜನೆಯ ಒಂಬತ್ತು ವಿಷಯಗಳಲ್ಲಿ ನೀರಿಗೇ ಮೀಸಲಾದ ವಿಷಯವೊಂದಿದೆ. ನಿಮ್ಮ ಪ್ರಸ್ತಾವನೆಯನ್ನು ಅದರಡಿ ಸೇರಿಸಿ ಎಂದು ಕೇಳಿ, ಇ–ಗ್ರಾಮ ಸ್ವರಾಜ್ ಪೋರ್ಟಲ್‌ಗೆ ಏರುವಾಗ ಬಿಟ್ಟು ಹೋಗದಂತೆ ನೋಡಿಕೊಳ್ಳಿ.

ಠರಾವಿನ ಮಾತುಗಳು ಹೀಗಿರಬಹುದು: “ಗ್ರಾಮದ ಎಲ್ಲ ಸಾರ್ವಜನಿಕ ಕುಡಿಯುವ ನೀರಿನ ಮೂಲಗಳನ್ನು ವರ್ಷಕ್ಕೆ ಎರಡು ಬಾರಿ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿ ಸೂಚನಾ ಫಲಕದಲ್ಲಿ ಪ್ರಕಟಿಸುವುದು, ಅದಕ್ಕೆ ತಗಲುವ ವೆಚ್ಚವನ್ನು ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಪ್ರತಿ ವರ್ಷ ಕಾಯ್ದಿರಿಸುವುದು, ಅನುಬಂಧದಲ್ಲಿರುವ ಸರ್ವೆ ನಂಬರುಗಳ ಮೂಲಗಳ ಜಲಾನಯನದಲ್ಲಿ ಮಣ್ಣು ಮತ್ತು ನೀರು ಸಂರಕ್ಷಣಾ ಕಾಮಗಾರಿಗಳಿಗೆ ಮೊದಲ ಆದ್ಯತೆ ನೀಡುವುದು ಎಂದು ಸಭೆ ಸರ್ವಾನುಮತದಿಂದ ತೀರ್ಮಾನಿಸಿತು.” ‘ಕ್ರಮ ಕೈಗೊಳ್ಳಲು ಕೋರಲಾಯಿತು’ ಎಂದಷ್ಟೇ ಬರೆದ ಠರಾವಿನಿಂದ ಏನೂ ಆಗುವುದಿಲ್ಲ. ಸಭೆ ಮುಗಿಯುವ ಮೊದಲೇ ನಡಾವಳಿಯನ್ನು ಓದಿಸಿ, ಸಹಿಯಾದ ಪ್ರತಿಯನ್ನು ಕೇಳಿ ಪಡೆಯಿರಿ.

ಹೆಜ್ಜೆ 8: ಕಡತದ ಬೆನ್ನು ಹತ್ತುವುದು

ಅನುಮೋದನೆ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲು. ಕಡತ ಈ ಮೆಟ್ಟಿಲುಗಳಲ್ಲಿ ಎಲ್ಲಿ ನಿಂತಿದೆ ಎಂದು ತಿಂಗಳಿಗೊಮ್ಮೆ ಸಮಿತಿ ಸಭೆಯಲ್ಲಿ ಬರೆದಿಡಿ. ಅಧಿಕಾರಿಗಳೊಂದಿಗೆ ಸೌಜನ್ಯದಿಂದ ಇರಿ. ಒಬ್ಬ ಕಿರಿಯ ಎಂಜಿನಿಯರ್ ಮೇಲೆ ಎಷ್ಟು ಪಂಚಾಯಿತಿಗಳ ಹೊರೆ ಇರುತ್ತದೆ ಎಂಬುದು ನಿಮಗೂ ಗೊತ್ತು. ಕೇಳಿದರೂ ಉತ್ತರ ಬರದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯಲ್ಲಿ ದೂರು ಬರೆಯಬೇಡಿ, ದಾಖಲೆಯ ಪ್ರತಿ ಕೇಳಿ.

ಆಗಸ್ಟ್–ಸೆಪ್ಟೆಂಬರ್‌ನಲ್ಲಿ ನಡೆಯುವ, ಪಂಚಾಯಿತಿಯ ಲೆಕ್ಕಪತ್ರವನ್ನು ಜನರ ಮುಂದೆ ಪರಿಶೀಲಿಸುವ ಜಮಾಬಂದಿಗೆ ಹಿಂದಿನ ವರ್ಷದ ಪರೀಕ್ಷಾ ಖರ್ಚಿನ ವೋಚರುಗಳನ್ನೂ ಫಲಿತಾಂಶದ ಪುಸ್ತಕವನ್ನೂ ಒಟ್ಟಿಗೆ ಇಡಿಸಿ. ಹಣ ಖರ್ಚಾಗಿದೆ, ಅಂಕಿ ಇಲ್ಲ ಎಂದರೆ ಅಲ್ಲಿಯೇ ಕೇಳಬಹುದು. ಅಂಕಿ ಇದೆ, ಕೆಟ್ಟ ಮೂಲಕ್ಕೆ ಕೆಂಪು ಬಣ್ಣ ಬಳಿದಿಲ್ಲ ಎಂದರೆ ಅದನ್ನೂ ಕೇಳಬಹುದು. ಮಿತಿ ಮೀರಿದ ಕೈಪಂಪಿಗೆ ಕೆಂಪು, ಸುರಕ್ಷಿತವಾದುದಕ್ಕೆ ನೀಲಿ ಬಳಿಯಲು ಯಾವ ಮಂಜೂರಾತಿಗೂ ಕಾಯಬೇಕಿಲ್ಲ, ವರದಿ ಬಂದ ವಾರವೇ ಮಾಡಿಸಿ.

ಮೊದಲ ಕಾಮಗಾರಿ ಮುಗಿದ ನಂತರದ ನವೆಂಬರ್‌ನಲ್ಲಿ ಅದೇ ಬಾವಿಗಳಿಂದ, ಅದೇ ಕ್ರಮದಲ್ಲಿ, ಸಾಧ್ಯವಾದರೆ ಅದೇ ಮಹಿಳೆಯರು ಮತ್ತೆ ನಮೂನೆ ತೆಗೆಯಲಿ. ಫಲಿತಾಂಶ ಸುಧಾರಿಸಿದ್ದರೂ ಸುಧಾರಿಸದಿದ್ದರೂ ಹಾಗೆಯೇ ಬರೆದು ಎರಡೂ ಇಲಾಖೆಗಳಿಗೆ ಕಳುಹಿಸಿ, ಒಂದು ಪ್ರತಿಯನ್ನು ಮುಂದಿನ ವರ್ಷದ ಪ್ರಸ್ತಾವನೆಗೆ ಲಗತ್ತಿಸಿ.